ಆರು ದಿನದ ಮಗುವಿನ ಹೆಸರು

ಜುಲೈ ೯, ಬುಧವಾರ

ಸಮೀಕ್ಷೆಯ ಆ್ಯಪಿನಲ್ಲಿ ‘ಹೆಸರು’ ಕಡ್ಡಾಯ ಎಂದು ಗುರುತು ಹಾಕಿದವಳು ನಾನೇ. ಬುದ್ಧಿ ಎಲ್ಲಿಟ್ಟಿದ್ದೆನೋ! ಮಧ್ಯಾಹ್ನ, ಮನೆಮನೆ ಸುತ್ತುವ ತಂಡದ ಹಿರಿಯಕ್ಕ ಫೋನ್ ಮಾಡಿದರು. ಆರು ದಿನದ ಹೆಣ್ಣುಮಗು, ಇನ್ನೂ ಹೆಸರಿಟ್ಟಿಲ್ಲ, ಆ್ಯಪ್ ಮುಂದಕ್ಕೆ ಬಿಡುತ್ತಿಲ್ಲ.

“ಏನಾದ್ರೂ ಬರೆದು ಮುಂದೆ ಹೋಗಿ ಅಕ್ಕ.”

“ಹುಟ್ಟಿದ ಮಗೂಗೆ ಏನಾದ್ರೂ ಅಂತ ಬರೆಯೋಕಾಗುತ್ತೇನೇ?” ಎಂದು ಗದರಿ ಫೋನ್ ಇಟ್ಟರು.

ಸಂಜೆ ಅವರ ಮಾಹಿತಿ ಬಂತು. ಮಗುವಿನ ಹೆಸರಿನ ಜಾಗದಲ್ಲಿ ನನ್ನ ಹೆಸರು! ಕೆಳಗೆ ಷರಾ: ‘ಸದ್ಯಕ್ಕೆ ನಿನ್ನದು ಕೊಟ್ಟಿದ್ದೀನಿ. ಇವಳೂ ಹಠಮಾರಿ, ಅತ್ತರೆ ಬೀದಿಗೆಲ್ಲ ಕೇಳುತ್ತೆ.’

‘ಕಡ್ಡಾಯ’ ತೆಗೆದುಹಾಕಿದೆ. ಇನ್ನು ಆ ಖಾನೆ ಖಾಲಿ ಬಿಡಬಹುದು. ತಪ್ಪು ಮಾಹಿತಿ, ಅಳಿಸಬೇಕು. ಮೂರು ಸಲ ಬೆರಳು ಅಲ್ಲಿಗೆ ಹೋಗಿ ಹಿಂದೆ ಬಂತು. ತನ್ನದೇ ಹೆಸರು ಬರುವವರೆಗೆ ಆ ಪುಟ್ಟಿ ಇದನ್ನೇ ಇಟ್ಟುಕೊಂಡಿರಲಿ ಬಿಡು, ನನ್ನ ಗಂಟೇನು ಹೋಗುತ್ತೆ…