ಸಕೀನಾಳ ಹಾಡಿನ ಟೇಪು

ಆನ್ ಆರ್ಬರ್
೧೨ ನವೆಂಬರ್ ೧೯೭೪

ನಮ್ಮ ಮನೆಯವರಿಗೆ ವಸುಧಾ ಮಾಡುವ ನಮಸ್ಕಾರ.

ಷಿಕಾಗೋದಿಂದ ನೀವು ಬರೆದ ಕಾಗದಗಳು ಬಂದಿವೆ. ಉತ್ತರ ತಡವಾದದ್ದಕ್ಕೆ ಕ್ಷಮಿಸಿ ಎಂದು ಬರೆಯಬೇಕಲ್ಲ, ಬರೆದಿದ್ದೇನೆ. ಮನಸ್ಸಿನಿಂದ ಬಂದ ಮಾತಲ್ಲ. ಇಲ್ಲಿ ಹಿಮ ಶುರುವಾಗಿದೆ, ಕಾರು ಸ್ಟಾರ್ಟ್ ಆಗುತ್ತಿಲ್ಲ.

ನಿಮ್ಮ ಭಾಷಣಕ್ಕೆ ಹಾಲ್ ತುಂಬಿತ್ತಂತೆ, ಸಂತೋಷ. ಅಫ್ಘಾನಿಸ್ತಾನದ ಹಜಾರಾ ಜನರ ಪಾರಸಿ ಭಾಷೆಯಲ್ಲೂ ನಮ್ಮ ಕನ್ನಡದ ಹಾಗೆ ಟ, ಡ ಉಚ್ಚಾರಗಳಿವೆ ಎಂದು ತೋರಿಸಲು ಸಕೀನಾಳ ಟೇಪು ಹಾಕಿದಿರಂತೆ. ‘ಮಗುವನ್ನು ಕಳೆದುಕೊಂಡ ತಾಯಿಯ ಶೋಕಗೀತೆ’ ಎಂದು ವಿವರಣೆ ಬೇರೆ.

ಶನಿವಾರ ಅವಳ ಗಂಡ ಅಲಿಯಾವರ್ ಬಂದಿದ್ದ. ಕರೆದರೂ ಒಳಗೆ ಕಾಲಿಡಲಿಲ್ಲ. ನಿಮ್ಮ ಸಭೆಯಲ್ಲಿದ್ದ ಕಾಬೂಲಿನ ಹುಡುಗರು ಅವನಿಗೆ ಫೋನ್ ಮಾಡಿ, ಅವಳ ಅಳುವನ್ನು ಅಣಕಿಸಿ ನಕ್ಕರಂತೆ. “ಕಾಬೂಲಿನಲ್ಲಿ ನಮ್ಮ ಮಾತು ಕೇಳಿ ಬೀದಿಯಲ್ಲಿ ನಿಂತು ನಗ್ತಿದ್ರು. ನಿಮ್ಮ ಯಜಮಾನರು ಅವರಿಗೆ ಕುರ್ಚಿ ಹಾಕಿಸಿಕೊಟ್ರು” ಎಂದ. ಇನ್ನು ಸಕೀನಾ ನಮ್ಮ ಮನೆಗೆ ಬರುವುದಿಲ್ಲ. ಈ ಊರಿನಲ್ಲಿ ನನಗಿದ್ದವಳು ಅವಳೊಬ್ಬಳೇ.

ನಾನೂ ಅವಳೂ ರೊಟ್ಟಿ ತಟ್ಟುವಾಗಿನ ಮಾತು ಸಿಕ್ಕರೆ ಸಾಕು ಎಂದು ಅಡುಗೆಮನೆಯಲ್ಲಿ ಟೇಪಿನ ಮಿಷನ್ ಹಾಕಿಟ್ಟು ಲೈಬ್ರರಿಗೆ ಹೋದವರು ನೀವು. ಹಾಡನ್ನು ಸಭೆಗೆ ಒಯ್ಯಲು ಯಾರನ್ನು ಕೇಳಿದಿರಿ? ಫೋನಿನಲ್ಲಿ ಕೇಳಿದರೆ, “ಅದು ಡೇಟಾ ಕಣೇ, ಹಾಡು ಅಂತ ಯಾಕೆ ನೋಡ್ತೀಯ” ಅಂದಿರಿ. ಮುಂದಿನ ವಾರ ಡೆಟ್ರಾಯ್ಟ್‌ನಲ್ಲೂ ಅದನ್ನೇ ಹಾಕುತ್ತೀರಂತೆ. ಹಾಕಿದರೆ ಅಲ್ಲಿಂದ ಈ ಮನೆಗೆ ಬರಬೇಡಿ. ಹೆದರಿಸುತ್ತಿದ್ದೇನೆ ಅಂದುಕೊಳ್ಳಬೇಡಿ, ತೀರ್ಮಾನ ಮಾಡಿಯಾಗಿದೆ.

ಚಳಿ ಜಾಸ್ತಿ, ಸ್ವೆಟರ್ ಹಾಕಿಕೊಳ್ಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ರಾಯರು ನಿಮಗೆ ಆರೋಗ್ಯ ಕೊಡಲಿ, ಜೊತೆಗೆ ಒಳ್ಳೆಯ ಬುದ್ಧಿಯನ್ನೂ ಕೊಡಲಿ.

ವಸುಧಾ

ಇನ್ನೊಂದು ಮಾತು: ಸಕೀನಾಳ ಮಕ್ಕಳೆಲ್ಲ ಚೆನ್ನಾಗಿದ್ದಾರೆ, ಅವಳ ಯಾವ ಮಗುವೂ ಸತ್ತಿಲ್ಲ. ನೀವು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವರ ಊರಿನಲ್ಲಿ ಸಾವಾದ ಮನೆಗೆ ಹೆಂಗಸರು ಬಂದು ಜೊತೆಗೆ ಕೂತು ಹಾಡುತ್ತಾರಂತೆ. ಮಾರ್ಚಿನಲ್ಲಿ ನಾವು ಹೆಸರೂ ಇಡದೆ ಆಸ್ಪತ್ರೆಯಲ್ಲೇ ಬಿಟ್ಟು ಬಂದೆವಲ್ಲ, ಆ ಮಗುವಿಗೆ ಯಾರು ಹಾಡಿದರು ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಅಳಬೇಡ, ಇನ್ನೊಂದಾಗುತ್ತದೆ ಎಂದು ನೀವು ನನ್ನ ಬಾಯಿ ಮುಚ್ಚಿಸಿದ್ದನ್ನೂ ಹೇಳಿದೆ. ಆಗ ಅವಳು ಹಿಟ್ಟಿನ ಕೈ ಒರೆಸಿಕೊಂಡು, ನನ್ನನ್ನು ಕೂರಿಸಿ ಹಾಡಿದಳು. ಆ ಟೇಪಿನಲ್ಲಿ ಅವಳ ದನಿಯ ಹಿಂದೆ ಇನ್ನೊಬ್ಬಳು ಬಿಕ್ಕುವುದು ಕೇಳಿಸುತ್ತದೆ. ಅದು ನಾನು.