ತವರದ ಎದೆ

ಬುಕುರು, ಜೋಸ್ ಪ್ರಸ್ಥಭೂಮಿ
೬ ಮಾರ್ಚ್ ೧೯೯೪

ಕೂತವರೇ, ನಿಂತವರೇ, ಒಲೆಯ ಮುಂದಿನಿಂದಲೇ ಕಿವಿ ಕೊಟ್ಟ ಬೀಗಿತ್ತಿಯವರೇ, ಎಲ್ಲರೂ ಕೇಳುವಂಥವರಾಗಿ! ಇಗರ್ಜಿಯ ಈಸ್ಟರ್ ನಾಟಕದಲ್ಲಿ ಕ್ರೂರ ರಾಜನಾಗಿ ಮೆರೆದ ಚುವಾಂಗ್ ಈಗ ಕಾಗದದ ಮೇಲೆ ಪ್ರವೇಶ ಮಾಡುತ್ತಿದ್ದಾನೆ.

ಪ್ರೀತಿಯ ಮಗಳೇ ಕನೆಂಗ್,

ನನ್ನ ಕಾಗದ ಬಂದರೆ ಝಾರಿಯಾ ಊರಿನ ನಿಮ್ಮ ಮನೆಯವರನ್ನೆಲ್ಲ ಸೇರಿಸಿ ಗಟ್ಟಿಯಾಗಿ ಓದುತ್ತೀ ಎಂದು ಗೊತ್ತು, ಅದಕ್ಕೇ ಈ ಪೀಠಿಕೆ. ಹೇಗಿದ್ದೀಯವ್ವಾ? ಬಾಣಂತಿ ನಡುನೋವು ಹೋಯಿತೇ? ನಮ್ಮ ದಾವೂ ಕುಡಿದ ಹಾಲು ಕಕ್ಕುವುದು ನಿಂತಿತೇ? "ಈಸ್ಟರಿಗೆ ಅವನನ್ನು ತಂದು ನಿನ್ನ ತೊಡೆಯ ಮೇಲೆ ಹಾಕುತ್ತೇನೆ ಅಪ್ಪಾ" ಎಂದು ಬರೆದಿದ್ದೀ. ಆ ಸಾಲನ್ನು ಪಕ್ಕದ ಮನೆಯ ಲ್ಯೋಪ್‌ಗೆ ಎಷ್ಟು ಸಲ ಓದಿದೆನೋ, ಕೊನೆಗೆ ಅವಳು "ಸಾಕು ಬಿಡಣ್ಣಾ, ಲೋಕದಲ್ಲಿ ನಿಂಗೊಬ್ಬನಿಗೇ ಮೊಮ್ಮಗ ಹುಟ್ಟಿರೋದಾ?" ಎಂದಳು.

ಇಲ್ಲಿ ಹೇಳಿಕೊಳ್ಳುವಂಥದ್ದೇನೂ ಉಳಿದಿಲ್ಲ. ನಾನು ದುಡಿದ ತವರದ ಗಿರಣಿಯ ಮಾಡಿನ ತಗಡು ಹಾರಿಹೋಗಿದೆ. ಬೆಟ್ಟಗಳು ಸವೆದು, ಹಳೆಯ ಹೊಳೆಗಳು ಹೊತ್ತು ತಂದು ಹೂತಿಟ್ಟಿದ್ದ ತವರವನ್ನು ನಾವು ಬಗೆದು ಮುಗಿಸಿದೆವು. ಈಗ ಆ ಗುಂಡಿಗಳಲ್ಲಿ ನೀರು ನಿಂತಿದೆ, ಕುಡಿಯಲು ಇಳಿದ ದನ ಮೇಲೆ ಬರುವುದಿಲ್ಲ. ನಾಟಕಕ್ಕೂ ಈ ಸಲ ರಾಜನಿದ್ದಾನೆ, ಸೈನ್ಯವಿಲ್ಲ. ತಾಲೀಮಿನಲ್ಲಿ ಮೊದಲ ಮಾತಿಗೇ ನನ್ನ ದನಿ ಒಡೆಯಿತು. ಯಾರೂ ನಗಲಿಲ್ಲ ಮಗಳೇ. ನಕ್ಕಿದ್ದರೆ ಚೆನ್ನಾಗಿತ್ತು.

ನೀನು ಬರೆದ ಆ ತಂತಿಯ ವಿಷಯ ತಲೆಯಿಂದ ಹೋಗುತ್ತಿಲ್ಲ. ನಿಯೋಬಿಯಂ ಎಂಬ ಲೋಹ, ತವರ ಎರಡನ್ನೂ ಬೆಸೆದು ತಂತಿ ಮಾಡಿ ಕೊರೆಯುವ ಚಳಿಯಲ್ಲಿಟ್ಟು ಕರೆಂಟು ಹರಿಸಿದರೆ ಮಹಾ ಬಲದ ಆಯಸ್ಕಾಂತವಾಗುತ್ತದೆ, ಅಂಥದರಿಂದ ಮನುಷ್ಯನ ಒಳಗನ್ನೇ ನೋಡಬಹುದು ಎಂದಿದ್ದೆಯಲ್ಲ. ನಾನೋ, ಜೀವಮಾನವೆಲ್ಲ ಅವೆರಡನ್ನು ಅಗಲಿಸಿದವನು. ನೀನು ಚಿಕ್ಕವಳಿದ್ದಾಗ ನನಗೆ ಬುತ್ತಿ ತಂದು, ಗಿರಣಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಪಟ್ಟಿಯ ಮೇಲೆ ಕಪ್ಪು ಮರಳು ಓಡುತ್ತಿತ್ತು. ಮೇಲಿನಿಂದ ಆಯಸ್ಕಾಂತ ಕರೆದೊಡನೆ ನಿಯೋಬಿಯಂ ಅದಿರು ಚಂಗನೆ ಎದ್ದು ಹೋಗುತ್ತಿತ್ತು. ತವರ ಮಾತ್ರ ಏಳದೆ ತನ್ನ ಪಾಡಿಗೆ ಸಾಗುತ್ತಿತ್ತು. "ಅಪ್ಪಾ, ತವರಕ್ಕೆ ಕಿವಿ ಕೇಳ್ಸಲ್ವಾ?" ಎಂದು ಕೇಳಿದ್ದೆ.

ಆ ಕಿವುಡು ತವರದ ಧೂಳೇ ನನ್ನ ಎದೆಯಲ್ಲಿ ಮನೆ ಮಾಡಿತು. ಹಿಂದೆ ಗಿರಣಿಯವರಿಗೆಲ್ಲ ಎಕ್ಸ್‌ರೇ ತೆಗೆದಾಗ ಎದೆ ತುಂಬ ಬಿಳಿ ಚುಕ್ಕೆ, ನಕ್ಷತ್ರ ಚೆಲ್ಲಿದ ಹಾಗೆ. "ಬರೀ ತವರ, ಕೊಲ್ಲೋದಿಲ್ಲ, ಹೋಗಿ" ಎಂದಿದ್ದರು ಆಗಿನ ಡಾಕ್ಟರು. ಜೊತೆಗಾರ ಪಾಮ್, "ಚುವಾಂಗ್ ಸತ್ತರೆ ಹೂಳಬೇಡ್ರೋ, ಕರಗಿಸಿ, ಒಂದು ಕೊಡ ಆಗ್ತದೆ" ಎಂದು ಆಡಿಕೊಂಡಿದ್ದ. ಅಂದಿನಿಂದ ಕೆಮ್ಮಿದರೂ ತವರ, ಸೊರಗಿದರೂ ತವರ. ಪಾಮ್ ಕೆಮ್ಮಿ ಕೆಮ್ಮಿ ಹೋದಾಗಲೂ ತವರದ ಎದೆ ಎಂದೇ ಹೂತು ಬಂದೆವು. ಹೊಸದಾಗಿ ಬಂದ ಡಾಕ್ಟರಮ್ಮ ಮಾತ್ರ ಒಪ್ಪದೆ ನನ್ನ ಕಫ ಪರೀಕ್ಷೆಗೆ ಕಳಿಸಿದ್ದಳು. ಇರಲಿ, ರಾಜನ ಕೆಮ್ಮಿನ ಕಥೆ ಸಭೆಗೇಕೆ.

ಬೀಗರಿಗೆಲ್ಲ ನನ್ನ ನಮಸ್ಕಾರ. ಅಳಿಯಂದಿರಿಗೆ ಕೈತುಂಬ ಕೆಲಸವಿರಲಿ. ಮಗುವಿನ ನೆತ್ತಿಯ ಮೇಲೆ ದೇವರ ಕೈ ಇರಲಿ. ಇಲ್ಲಿಗೆ ಪರದೆ.

ನಿನ್ನ ಅಪ್ಪ,
ಚುವಾಂಗ್

ಮತ್ತೆ: ಇಲ್ಲಿಂದ ಗಟ್ಟಿಯಾಗಿ ಓದಬೇಡ ಮಗಳೇ, ನೀನೊಬ್ಬಳೇ ಓದಿಕೋ. ಕಫ ಪರೀಕ್ಷೆಯ ಫಲಿತಾಂಶ ಬಂತು. ಡಾಕ್ಟರಮ್ಮ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬಾಬಾ, ಈ ಚುಕ್ಕೆಗಳ ಹಿಂದೆ ಕ್ಷಯ ಅಡಗಿ ಕೂತಿತ್ತು. ತವರ ಅಂತ ಯಾರೂ ನೋಡೋಕೇ ಹೋಗಲಿಲ್ಲ" ಎಂದಳು. ಮಾಮೂಲಿ ಮದ್ದಿಗೆ ಬಗ್ಗದ ಜಾತಿಯಂತೆ. ಬಗ್ಗಿಸುವ ಮದ್ದು ಇಲ್ಲಿ ಇಲ್ಲವಂತೆ. ಈಸ್ಟರಿಗೆ ತವರಿಗೆ ಬರಬೇಡ. ಎಳೆಗೂಸಿಗೆ ನನ್ನ ಉಸಿರು ತಾಗಬಾರದು. ಜೀವ ತಡೆಯದೆ ನಾನೇ ಬಾ ಎಂದು ಬರೆದರೂ ಬರಬೇಡ. ಎಷ್ಟು ಕರೆದರೂ ಏಳಬೇಡ, ತವರವಾಗಿರು. ತೀರಿಕೊಂಡ ನಿನ್ನವ್ವ ನಿನ್ನನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯನ್ನು ದಾವೂಗೆಂದು ತೆಗೆದು ನನ್ನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಸುಟ್ಟುಬಿಡಲೇ ಎಂದು ಕೇಳಿದೆ. ಒಗೆದು ಬಿಸಿಲಿಗೆ ಹಾಕಿದರೆ ಸಾಕು ಎಂದಳು ಡಾಕ್ಟರಮ್ಮ. ಒಣಗಿದ ಮೇಲೆ ಲ್ಯೋಪ್ ಕಳಿಸುತ್ತಾಳೆ. ನಾಳೆ ಬೆಳಿಗ್ಗೆ ಅದನ್ನು ಒಗೆದು ಕಳ್ಳಿಬೇಲಿಯ ಮೇಲೆ ಹರವಿ, ಆಸ್ಪತ್ರೆಯ ಆಚೆ ಬದಿಯ ಕ್ಷಯದ ವಾರ್ಡಿಗೆ ನಡೆದು ಹೋಗುತ್ತೇನೆ.