ಕಿಟಕಿ ಪಕ್ಕದ ಕರ್ಚೀಫು

ಜೂನ್ 9, ಸೋಮವಾರ

ರಿಪೋರ್ಟು ಮತ್ತೆ ವಾಪಸ್. ‘ಯೆಸ್ಟರ್‌ಡೇ ಐ ಗೋ ಟು ಗಾಜನೂರು. ಡೀಲರ್ ಸೇಯ್ಸ್ ಯೂರಿಯಾ ಫಿನಿಶ್ಡ್.’ ನಮ್ಮ ಗೊಬ್ಬರದ ಕಂಪನಿಯ ಹೊಸ ಮ್ಯಾನೇಜರು ಕೇಳಿದರು, “ರೀ ಶಿವಯೋಗಿ, ಹೋಗಿ ಬಂದ್ರೋ, ಇನ್ನೂ ಹೋಗ್ತಾನೇ ಇದೀರೋ?”

ಕನ್ನಡದಲ್ಲಿ ಕಥೆ ಹೇಳುವುದೇ ಹಾಗಲ್ಲವೆ? ನಿನ್ನೆ ಹೋಗ್ತೀನಿ, ನೋಡ್ತೀನಿ, ಅಂಗಡಿ ಬಾಗಿಲು ಹಾಕಿದೆ! ಇಂಗ್ಲಿಷಿಗೆ ಅಷ್ಟು ಸಲಿಗೆ ಇಲ್ಲ.

ಸಂಜೆ ದುರ್ಗಿಗುಡಿಯಲ್ಲಿ ಇಂಗ್ಲಿಷ್ ಕ್ಲಾಸು ಸೇರಿದೆ. ರಾಮಚಂದ್ರಪ್ಪ ಮೇಷ್ಟ್ರ ಪದ್ಧತಿ — ಇಬ್ಬಿಬ್ಬರು ಜೋಡಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬೇಕು. ನನ್ನ ಜೋಡಿ ಸೌಂದರ್ಯ. ಡೆಂಟಲ್ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್. ನಮ್ಮ ಭದ್ರಾವತಿಯವರೇ, ಮನೆಗೆ ಇಬ್ಬರಿಗೂ ಒಂದೇ ಬಸ್ಸು.

ಜೂನ್ 12

ಬಸ್ಸು ಸ್ಟ್ಯಾಂಡಿಗೆ ತಿರುಗುತ್ತಿದ್ದಂತೆ ಕಿಟಕಿಯೊಳಗೆ ಕರ್ಚೀಫು ಎಸೆದೆ. ಸೀಟು ಸೌಂದರ್ಯ ಅವರಿಗೆ.

“ಮಾರಾಯ್ರೆ, ಟೆನ್ಸ್‌ಗಿಂತ ಇದರಲ್ಲೇ ನೀವು ಹುಷಾರು!”

ಬಸ್ಸಿನ ತುಂಬ ಜನ, ಕರ್ಚೀಫಿನ ಮೇಲೆ ಮನ. ಪ್ರಾಸ ಸರಿ ಇದೆ. ನನ್ನ ವಯಸ್ಸು ನಲವತ್ತಾರು — ಅದೊಂದು ಪ್ರಾಸಕ್ಕೆ ಸಿಗುತ್ತಿಲ್ಲ.

ಜೂನ್ 20

ಅವರು ಇಂಗ್ಲಿಷು ಕಲಿಯುತ್ತಿರುವುದು ಹುಬ್ಬಳ್ಳಿಯ ಕೆಲಸಕ್ಕಂತೆ. ಸಿಕ್ಕರೆ ಮುಂದಿನ ತಿಂಗಳೇ ಹೊರಟರು.

“ಅಮ್ಮನೂ ತೀರ್ಕೊಂಡ್ರು. ಇಲ್ಲಿ ಇರು ಅನ್ನೋರು ಯಾರಿದಾರೆ ಸರ್?”

ನಾನು ಕಿಟಕಿಯ ಗಾಜು ಸರಿಸಿದೆ. ಬಲು ದೊಡ್ಡ ಸಾಹಸ.

ಜುಲೈ 4

ಕೊನೆಯ ಕ್ಲಾಸು. ವಿಷಯ: ನಿನ್ನೆಯ ಪ್ರಯಾಣ. ಬಾಯಲ್ಲಿ ಬಾರದ್ದನ್ನು ಬರೆದೇಬಿಟ್ಟೆ. ಬಸ್ಸು, ಮಳೆ, ಟಿಕೆಟ್ಟು — ಎಲ್ಲ ನೆಟ್ಟಗೆ ಪಾಸ್ಟ್‌ನಲ್ಲೇ ಹೋಯಿತು. ಅವರ ಸುದ್ದಿ ಬಂದದ್ದೇ ತಡ... ಶಿ ಸಿಟ್ಸ್. ಶಿ ಲಾಫ್ಸ್. ಐ ವಾಂಟ್ ಹರ್ ಟು ಸ್ಟೇ.

ಓದಿದರು. ಹಸಿರು ಪೆನ್ನು ಬಹಳ ಹೊತ್ತು ಗಾಳಿಯಲ್ಲೇ ನಿಂತಿತ್ತು. ಆಮೇಲೆ ಸ್ಯಾಟ್, ಲಾಫ್ಡ್, ವಾಂಟೆಡ್. ಒಂದನ್ನೂ ಬಿಡಲಿಲ್ಲ. ಮೇಷ್ಟ್ರು ಹತ್ತಕ್ಕೆ ಹತ್ತು ಕೊಟ್ಟರು. ಇಷ್ಟು ಕೆಟ್ಟ ಹತ್ತು ಜನ್ಮದಲ್ಲಿ ನೋಡಿಲ್ಲ.

ಬಸ್ಸಿನಲ್ಲಿ ನನ್ನ ಕರ್ಚೀಫಿನಲ್ಲೇ ಕಣ್ಣೊರೆಸಿಕೊಂಡರು. ಧೂಳಂತೆ, ಈ ಮಳೆಯಲ್ಲಿ. ಬ್ಯಾಗಿಗೆ ಹಾಕಿಕೊಂಡು ಎದ್ದರು. “ಒಗೆದು ಕೊಡ್ತೀನಿ.”

“ಯಾವಾಗ?” ಅನ್ನುವಷ್ಟರಲ್ಲಿ ಇಳಿದಾಗಿತ್ತು.

ಜುಲೈ 21

ರಿಪೋರ್ಟು ಒಂದೇ ಸಲಕ್ಕೆ ಪಾಸು. ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ. ಅವರು ಹುಬ್ಬಳ್ಳಿ ಸೇರಿ ವಾರವಾಯಿತಂತೆ, ಮೇಷ್ಟ್ರು ಹೇಳಿದರು.

ಬೇರೆ ಕರ್ಚೀಫು ಕೊಂಡಿಲ್ಲ. ಕಿಟಕಿ ಸೀಟಿನ ಮೇಲೆ ಊಟದ ಡಬ್ಬಿ ಇಟ್ಟೆ.

“ಯಾರಾದ್ರೂ ಬರ್ತಾರಾ ಸರ್?” ಕಂಡಕ್ಟರ್ ಯುವರಾಜ್. “ಜನ ನಿಂತಿದಾರೆ ನೋಡಿ.”

“ಬರ್ತಾರೆ.”

“ಡಬ್ಬಿಗೂ ಒಂದು ಟಿಕೆಟ್ ಹರೀಲಾ?”

ಡಬ್ಬಿ ತೆಗೆದೆ. ಒಬ್ಬ ಅಜ್ಜಿ ಕೂತರು. ಫೋನು ಹಿಡಿದು ಅಲ್ಲೇ ಟೈಪು ಮಾಡಿದೆ, ಕನ್ನಡದಲ್ಲಿ: ಕರ್ಚೀಫು ಒಣಗಿತಾ? ಭಾನುವಾರ ನಾನೇ ಬಂದು ಇಸ್ಕೊಳ್ಳಲಾ? ಇಲ್ಲೇ ಇರಿ ಅಂತ ಆವತ್ತೇ ಹೇಳಬೇಕಿತ್ತು. ಕಳಿಸಿಯೂಬಿಟ್ಟೆ.

ಈಗ ಮನೆ. ಅನ್ನಕ್ಕಿಟ್ಟಿದ್ದೇನೆ. ಕುಕ್ಕರ್ ಕೂಗಿದರೂ ಫೋನೇ ಅನ್ನಿಸುತ್ತದೆ. ಇಲ್ಲ — ಈ ಸಲ ಫೋನೇ. ಮೇಜಿನ ಮೇಲೆ ಗುಂಯ್‌ಗುಡುತ್ತಾ ಇದೆ, ಹೆಸರು ಸೌಂದ—